ಅಪ್ಪನ ಕೆಮ್ಮು ಮತ್ತು ನನ್ನ ಸ್ಟುಡಿಯೋ

ಹೋದ ವಾರ ಆಫೀಸಿನ ಕ್ಯಾಂಟೀನಿನಲ್ಲಿ ನಮ್ಮ ಟೀಮಿನ ಹುಡುಗನೊಬ್ಬ ತಟ್ಟೆ ಹಿಡಿದು ಬಂದು ಪಕ್ಕದಲ್ಲಿ ಕೂತ. ಗಿಟಾರ್ ಚೆನ್ನಾಗಿ ನುಡಿಸ್ತಾನೆ. "ಗುರು, ಮನೇಲೇ ಒಂದು ಸಣ್ಣ ಸ್ಟುಡಿಯೋ ಮಾಡ್ಕೋಬೇಕು ಅಂತಿದೀನಿ. ನೀನು ಮಾಡ್ಕೊಂಡಿದೀಯಲ್ಲ, ಏನೇನು ಬೇಕು ಹೇಳು" ಅಂದ. ಇಂಥದ್ದನ್ನು ಕೇಳಿದರೆ ನನಗೆ ಊಟ ಮರೆತುಹೋಗುತ್ತೆ. ಟಿಶ್ಯೂ ಪೇಪರ್ ಮೇಲೆ ಕೋಣೆಯ ನಕ್ಷೆ ಬರೆದು, ಟೇಬಲ್ ಎಲ್ಲಿ, ಸ್ಪೀಕರ್ ಎಲ್ಲಿ, ಮೈಕು ಎಲ್ಲಿ ಅಂತ ಗುರುತು ಹಾಕುತ್ತಾ ಹದಿನೈದು ನಿಮಿಷ ಒಂದೇ ಸಮನೆ ಮಾತಾಡಿದೆ. ಕೊನೆಗೆ "ಯಾವ ರೂಮಲ್ಲಿ ಮಾಡ್ತೀಯ?" ಅಂತ ಕೇಳಿದೆ.

"ಅಮ್ಮನ ರೂಮಲ್ಲಿ. ಅಮ್ಮ ಹಾಲಲ್ಲಿ ಅಡ್ಜಸ್ಟ್ ಮಾಡ್ಕೋತಾರೆ. ಕೇಳಿದೆ, ಅವರದೇನೂ ತಕರಾರಿಲ್ಲ."

ನಾನು ಪೆನ್ನು ಮುಚ್ಚಿ ಜೇಬಿಗೆ ಹಾಕಿಕೊಂಡೆ. "ಮೀಟಿಂಗ್ ಇದೆ, ಆಮೇಲೆ ಸಿಗೋಣ" ಅಂತ ಎದ್ದುಬಂದೆ. ಮೀಟಿಂಗ್ ಏನೂ ಇರಲಿಲ್ಲ. ಅವನಿಗೆ ಹೇಳದೆ ಉಳಿಸಿಕೊಂಡದ್ದನ್ನು ಇಲ್ಲಿ ಬರೀತಿದೀನಿ.

ಮೊದಲು ಹೇಳಿದ್ದನ್ನೇ ಹೇಳಿಬಿಡ್ತೀನಿ, ಅದೂ ಕೆಲಸಕ್ಕೆ ಬರುವಂಥದ್ದೇ. ನನ್ನ ಕೋಣೆ 10 ಅಡಿ ಅಗಲ, 11 ಅಡಿ ಉದ್ದ. ಹೀಗೆ ಹೆಚ್ಚುಕಮ್ಮಿ ಚೌಕವಾಗಿರೋ ಕೋಣೆ ಸಂಗೀತಕ್ಕೆ ಒಗ್ಗಲ್ಲ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತೆ. ಆ ಲೆಕ್ಕದಲ್ಲಿ 11 ಅಡಿ ದೂರದ ಎರಡು ಗೋಡೆಗಳ ನಡುವೆ ಸುಮಾರು 51 ಹರ್ಟ್ಜ್‌ನ ಸದ್ದು, 10 ಅಡಿಯ ನಡುವೆ ಸುಮಾರು 56 ಹರ್ಟ್ಜ್‌ನ ಸದ್ದು ಹೋಗಿ ಬಂದು ಹೋಗಿ ಬಂದು ಊದಿಕೊಳ್ಳುತ್ತೆ. ಎರಡೂ ಪಕ್ಕಪಕ್ಕದಲ್ಲೇ ಇರೋದರಿಂದ ಆ ಜಾಗದಲ್ಲಿ ಒಂದೇ ಗೊಂಯ್. ಗೋಡೆಗೆ ಒರಗಿ ಕೂತರೆ ಅದು ಜಾಸ್ತಿ ಕೇಳುತ್ತೆ, ಕೋಣೆಯ ನಟ್ಟನಡುವೆ ಕೂತರೆ ಮಾಯವಾಗುತ್ತೆ. ಅದಕ್ಕೇ ಎದುರು ಗೋಡೆಯಿಂದ ಕೋಣೆಯ ಉದ್ದದ 38 ಪರ್ಸೆಂಟ್ ದೂರದಲ್ಲಿ ಕಿವಿ ಬರೋ ಹಾಗೆ ಕುರ್ಚಿ ಹಾಕಿ ಅಂತಾರೆ. ನನಗೆ ಅದು ನಾಲ್ಕಡಿ ಎರಡು ಇಂಚಿಗೆ ಬಂತು. ಅಲ್ಲಿಂದ ಎರಡು ಸ್ಪೀಕರ್‌ಗಳು ಮತ್ತು ನನ್ನ ತಲೆ ಸೇರಿ ಸಮಬಾಹು ತ್ರಿಭುಜ. ಆಮೇಲೆ ಕುರ್ಚಿಯಲ್ಲಿ ಕೂತು, ಇನ್ನೊಬ್ಬರ ಕೈಲಿ ಕನ್ನಡಿ ಕೊಟ್ಟು ಪಕ್ಕದ ಗೋಡೆಗುಂಟ ಸರಿಸೋಕೆ ಹೇಳಬೇಕು. ಕನ್ನಡಿಯಲ್ಲಿ ಸ್ಪೀಕರ್ ಎಲ್ಲಿ ಕಾಣುತ್ತೋ ಅಲ್ಲಿಂದಲೇ ಸದ್ದು ಬಡಿದು ಕಿವಿಗೆ ಬರೋದು. ಆ ಜಾಗಕ್ಕೆ ದಪ್ಪನೆಯದೇನಾದರೂ ತೂಗುಹಾಕಬೇಕು. ನಾನು ಮೊದಲು ಆನ್‌ಲೈನಿನಲ್ಲಿ ಒಂದಿಂಚಿನ ಫೋಮ್ ತರಿಸಿ ಅಂಟಿಸಿ ದುಡ್ಡು ಕಳಕೊಂಡೆ, ಅದು ಕೀಚಲು ಸದ್ದನ್ನು ಬಿಟ್ಟು ಬೇರೇನನ್ನೂ ಹೀರಲಿಲ್ಲ. ಆಮೇಲೆ ಊರಿಂದ ತಂದ ತಾತನ ಕಾಲದ ಕರಿ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ, ಗೋಡೆಯಿಂದ ನಾಲ್ಕಿಂಚು ಜಾಗ ಬಿಟ್ಟು ತೂಗುಹಾಕಿದೆ. ಹಿಂದಿನ ಆ ಖಾಲಿ ಜಾಗವೂ ಕೆಲಸ ಮಾಡುತ್ತೆ ಅನ್ನೋದು ಆಗಲೇ ಗೊತ್ತಾಗಿದ್ದು. ಮೂಲೆಗಳಿಗೆ ಹಳೇ ಹತ್ತಿ ಹಾಸಿಗೆ ಸುತ್ತಿ ನಿಲ್ಲಿಸಿದೆ.

ಇನ್ನೊಂದು ಮಾತು, ತುಂಬ ಜನ ಎಡವೋದು ಇಲ್ಲೇ. ಕಂಬಳಿ, ಫೋಮ್, ಮೊಟ್ಟೆ ಟ್ರೇ ಇವೆಲ್ಲ ಕೋಣೆಯೊಳಗಿನ ಪ್ರತಿಧ್ವನಿಗೆ ಏನಾದರೂ ಮಾಡಬಹುದು. ಸದ್ದು ಆಚೆಗೆ ಹೋಗೋದನ್ನಾಗಲಿ ಆಚೆಯಿಂದ ಒಳಗೆ ಬರೋದನ್ನಾಗಲಿ ನಿಲ್ಲಿಸಲ್ಲ. ಅದಕ್ಕೆ ತೂಕ ಬೇಕು, ಇಟ್ಟಿಗೆ ಬೇಕು, ಸಂದಿಯಿಲ್ಲದ ಬಾಗಿಲು ಬೇಕು. ಬಾಗಿಲ ಕೆಳಗೆ ಅರ್ಧ ಇಂಚು ಸಂದಿ ಇದ್ದರೂ ಮಾಡಿದ್ದೆಲ್ಲ ನೀರುಪಾಲು.

ಇಷ್ಟೆಲ್ಲ ಯಾಕೆ ಬೇಕು ಅಂತ ಕೇಳಿದರೆ ನನ್ನ ಉತ್ತರ ಅಕೌಸ್ಟಿಕ್ಸ್ ಅಲ್ಲ. ಹಾರ್ಮೋನಿಯಂ ಅಟ್ಟದ ಮೇಲೆ ಬಟ್ಟೆ ಸುತ್ತಿಟ್ಟಿದ್ದರೆ, ಆಫೀಸಿಂದ ಎಂಟು ಗಂಟೆಗೆ ಬಂದವನು ಅದನ್ನು ಇಳಿಸಿ, ವೈರು ಹುಡುಕಿ, ಮೈಕು ಜೋಡಿಸೋ ಹೊತ್ತಿಗೆ ಹಾಡೋ ಮನಸ್ಸೇ ಸತ್ತಿರುತ್ತೆ. ಎಲ್ಲ ಜೋಡಿಸಿಟ್ಟು, ಒಂದು ಸ್ವಿಚ್ ಒತ್ತಿದರೆ ಶುರುವಾಗೋ ಹಾಗಿದ್ದರೆ ಆಗ ದಿನಕ್ಕೆ ಅರ್ಧ ಗಂಟೆಯಾದರೂ ಕೂರ್ತೀವಿ. ಸೌಕರ್ಯ ಅಂದರೆ ನನ್ನ ಪ್ರಕಾರ ಮೆತ್ತನೆಯ ಕುರ್ಚಿಯಲ್ಲ, ಈ ಸಿದ್ಧವಾಗಿರೋದು. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಯಾರಿಗೂ ಕೇಳಿಸದ ಹಾಗೆ ಕೆಟ್ಟದಾಗಿ ಹಾಡೋಕೆ ಒಂದು ಜಾಗ ಬೇಕು. ನೂರು ಸಲ ಅಪಸ್ವರ ಹಾಡದೆ ನೂರಾಒಂದನೇ ಸಲದ್ದು ಬರಲ್ಲ. ಆ ನೂರನ್ನೂ ಹೆಂಡತಿ, ಮಗಳು, ಪಕ್ಕದ ಮನೆಯವರು ಕೇಳಿಸಿಕೊಳ್ತಿದಾರೆ ಅಂದರೆ ಗಂಟಲೇ ಬಿಚ್ಚಲ್ಲ.

ಅಪ್ಪನಿಗೂ ಅಂಥದ್ದೊಂದು ಜಾಗ ಇತ್ತು. ನಮ್ಮೂರು ತಿಪಟೂರಿನ ಕಡೆ. ಶನಿವಾರ ಆಂಜನೇಯನ ಗುಡಿಯಲ್ಲಿ ಭಜನೆ, ಅಪ್ಪ ಹಾರ್ಮೋನಿಯಂ ಹಿಡಿದು ಮುಂದೆ ಹಾಡೋರು. ಹೊಸ ಪದ ಕಲೀಬೇಕಾದಾಗ ತೋಟದ ಪಂಪ್ ಮನೆಗೆ ಹೋಗೋರು. ತ್ರೀ ಫೇಸ್ ಕರೆಂಟು ಬರ್ತಿದ್ದದ್ದು ರಾತ್ರಿ ಹನ್ನೊಂದಕ್ಕೋ ಹನ್ನೆರಡಕ್ಕೋ. ಮೋಟರ್ ಹಾಕಿ, ಅದರ ಗುಂಯ್ ಅನ್ನೋ ಸದ್ದನ್ನೇ ಶ್ರುತಿ ಮಾಡಿಕೊಂಡು ಹಾಡೋರು. ಚಿಕ್ಕವನಿದ್ದಾಗ ನಾನೂ ಬ್ಯಾಟರಿ ಹಿಡಕೊಂಡು ಜೊತೆಗೆ ಹೋಗ್ತಿದ್ದೆ. ಬಿಇ ಓದುವಾಗ ಲ್ಯಾಬಿನಲ್ಲಿ ನನಗೆ ಹೊಳೆದದ್ದು ಏನಂದರೆ, ನಮ್ಮ ಕರೆಂಟು 50 ಹರ್ಟ್ಜ್, ಮೋಟರಿನ ಗುಂಯ್ ಅದರ ಎರಡರಷ್ಟು, 100. ಹಾರ್ಮೋನಿಯಂನಲ್ಲಿ ಹೇಳೋದಾದರೆ ಬಿಳಿ ಐದಕ್ಕಿಂತ ಕೂದಲೆಳೆಯಷ್ಟು ಮೇಲೆ. ಅಪ್ಪ ಯಾಕೆ ಭಜನೇಲಿ ಯಾವಾಗಲೂ ಒಂಚೂರು ಮೇಲಕ್ಕೆ ಜಾರ್ತಾರೆ ಅನ್ನೋದಕ್ಕೆ ಇದೇ ಕಾರಣ ಅಂತ ನನ್ನದೊಂದು ವಾದ. ಅಪ್ಪ ಒಪ್ಪಲ್ಲ.

ಪಂಪ್ ಮನೆಗೂ ಹತ್ತಿರದ ಮನೆಗೂ ಮುಕ್ಕಾಲು ಕಿಲೋಮೀಟರ್. ಅಪ್ಪ ಅಲ್ಲಿ ಹಾಡಿದರೆ ಯಾರ ನಿದ್ದೆಯೂ ಕೆಡ್ತಿರಲಿಲ್ಲ. ಆ ಏಕಾಂತ ಯಾರ ಕೈಯಿಂದ ಕಿತ್ತುಕೊಂಡದ್ದೂ ಅಲ್ಲ.

ಬೆಂಗಳೂರಿನಲ್ಲಿ ನನ್ನ ಏಕಾಂತಕ್ಕೆ ಚದರಡಿಗೆ 6,000 ರೂಪಾಯಿ. 110 ಚದರಡಿ, ಅಂದರೆ 6,60,000, ಬಡ್ಡಿ ಬಿಟ್ಟು. ನಾನು ಎಷ್ಟೋ ದಿನ ಇದಿಷ್ಟೇ ಬೆಲೆ ಅಂದುಕೊಂಡಿದ್ದೆ.

ಹೋದ ವರ್ಷ ಅಪ್ಪನ ಬಲಗಣ್ಣಿಗೆ ಪೊರೆಯ ಆಪರೇಷನ್ ಆಯ್ತು. ಮೂರು ವಾರ ನಮ್ಮ ಮನೆಯಲ್ಲಿದ್ದರು. ಅಮ್ಮ ಊರಲ್ಲೇ ಉಳಿದಳು, ಹಸು ಕರು ಯಾರು ನೋಡ್ಕೋತಾರೆ. ಅಪ್ಪನಿಗೆ ಹಾಸಿಗೆ ಹಾಕಿದ್ದು ಹಾಲಿನಲ್ಲಿ, ಟಿವಿ ಕೆಳಗೆ. "ಇಲ್ಲೇ ಗಾಳಿ ಚೆನ್ನಾಗಿ ಬತ್ತದೆ ಬಿಡಪ್ಪ" ಅಂದರು. ನನಗೆ ಆಗ ಅದರಲ್ಲೇನೂ ತಪ್ಪು ಕಾಣಲಿಲ್ಲ. ಕೋಣೆಯಲ್ಲಿ ಮಂಚ ಹಾಕಬೇಕಂದರೆ ಸ್ಪೀಕರ್ ಸ್ಟ್ಯಾಂಡು ತೆಗೀಬೇಕು, ಟೇಬಲ್ ಸರಿಸಬೇಕು, ಇಂಚು ಇಂಚು ಅಳೆದು ಕೂರಿಸಿದ್ದೆಲ್ಲ ಕೆಡುತ್ತೆ.

ನಾನು ಹಾಡು ರೆಕಾರ್ಡ್ ಮಾಡೋದು ರಾತ್ರಿ ಹನ್ನೊಂದೂವರೆ ಮೇಲೆ. ಹಗಲು ಕುಕ್ಕರ್ ಸೀಟಿ, ಮೇಲಿನ ಮನೆಯ ಡ್ರಿಲ್ಲಿಂಗು, ತರಕಾರಿ ಗಾಡಿಯ ಸ್ಪೀಕರು. ಫ್ಯಾನು ಆಫ್ ಮಾಡಿ, ಬಾಗಿಲ ಕೆಳಗಿನ ಸಂದಿಗೆ ಹಳೇ ಬೆಡ್‌ಶೀಟ್ ತುರುಕಿ, ಬೆವರು ಒರೆಸಿಕೊಳ್ಳುತ್ತಾ ಹಾಡ್ತೀನಿ. ಕಂಡೆನ್ಸರ್ ಮೈಕು ಪಾಪಿ ಮುಂಡೇದು, ಎಲ್ಲಾನೂ ಕೇಳಿಸಿಕೊಳ್ಳುತ್ತೆ. ಆವತ್ತು ಐದು ಟೇಕ್ ಹಾಡಿ, ಹೆಡ್‌ಫೋನ್ ಹಾಕಿಕೊಂಡು ಕೇಳ್ತಾ ಇದ್ದೆ. ಮೂರನೇ ಟೇಕು ಚೆನ್ನಾಗಿ ಬಂದಿತ್ತು. ಎರಡನೇ ಚರಣ ಮುಗಿದು ಒಂದು ಉಸಿರಿನ ಖಾಲಿ ಜಾಗ ಇದೆ, ಅಲ್ಲಿ ಏನೋ 'ಹ್ಹುಕ್' ಅಂತ. ವಾಲ್ಯೂಮ್ ಏರಿಸಿದೆ. ಮತ್ತೆ ಕೇಳಿದೆ. ಬಟ್ಟೆಯೊಳಗಿಂದ ಬಂದ ಕೆಮ್ಮು. ಕೆಮ್ಮೂ ಅಲ್ಲ, ಬಾಯಿಗೆ ಟವೆಲ್ ಒತ್ತಿ ಹಿಡಿದು ನುಂಗಿದ ಕೆಮ್ಮು. ಬೇರೆ ಟೇಕುಗಳನ್ನು ಕೇಳಿದೆ. ಐದರಲ್ಲೂ ಇತ್ತು. ಎಲ್ಲವೂ ನಾನು ಹಾಡು ನಿಲ್ಲಿಸಿದ ಕಡೆಯೇ. ಅಂದರೆ ನಾನು ಹಾಡುವಷ್ಟು ಹೊತ್ತೂ ಅವರು ತಡೆದುಕೊಂಡು, ನಿಲ್ಲಿಸಿದಾಗ ಇನ್ನು ಆಗಲ್ಲ ಅಂತ ಬಿಡ್ತಿದ್ದರು. ಭಜನೆಯಲ್ಲಿ ಹಾಡಿದವರಿಗೆ ಎಲ್ಲಿ ಉಸಿರು ಬರುತ್ತೆ ಅಂತ ಗೊತ್ತಿರುತ್ತಲ್ಲ.

ಬಾಗಿಲು ತೆಗೆದು ನೋಡಿದೆ. ಮಗ್ಗುಲಾಗಿ ಮಲಗಿದ್ದರು, ಕಣ್ಣಿಗೆ ಪ್ಲಾಸ್ಟಿಕ್ ಕವಚ, ಬಾಯ ಹತ್ತಿರ ಟವೆಲ್ಲು. ಹಾಲಿನ ಫ್ಯಾನೂ ಆಫಾಗಿತ್ತು. ಅದನ್ನು ಆಫ್ ಮಾಡಿ ಅಂತ ನಾನು ಯಾವತ್ತೂ ಹೇಳಿರಲಿಲ್ಲ.

ಬೆಳಿಗ್ಗೆ ಕೇಳಿದೆ. "ಏ ಅದೇನಿಲ್ಲ ಕಣಪ್ಪ. ಡಾಕ್ಟ್ರು ಜೋರಾಗಿ ಕೆಮ್ಬ್ಯಾಡಿ, ಕಣ್ಣಿಗೆ ತ್ರಾಸಾಗ್ತದೆ ಅಂದಿದ್ರಲ್ಲ, ಅದ್ಕೆ" ಅಂದರು. ಅದು ನಿಜವೇ, ಡಾಕ್ಟರು ಹಾಗೆ ಹೇಳಿದ್ದಾಗ ನಾನೂ ಪಕ್ಕದಲ್ಲೇ ಇದ್ದೆ. ಆದ್ದರಿಂದ ಅವತ್ತು ಅಪ್ಪ ಕೆಮ್ಮು ನುಂಗಿದ್ದು ಕಣ್ಣಿಗಾಗಿಯೋ ನನ್ನ ಹಾಡಿಗಾಗಿಯೋ ಅಂತ ಇವತ್ತಿಗೂ ನನಗೆ ತೀರ್ಮಾನ ಆಗಿಲ್ಲ. ಫ್ಯಾನಿನ ವಿಷಯ ಕೇಳೋಕೆ ಬಾಯಿ ಬರಲಿಲ್ಲ.

"ಕೇಳಿದೆ, ತಕರಾರಿಲ್ಲ" ಅಂದನಲ್ಲ ನಮ್ಮ ಹುಡುಗ, ನಾನೂ ಅಷ್ಟೇ ಕೇಳಿದ್ದೆ. ಅಪ್ಪನ ಒಪ್ಪಿಗೆ ಪೂರ್ತಿ ಇತ್ತು. ಆದರೆ ಜೀವಮಾನದಲ್ಲಿ ನಮಗೆ ಇಲ್ಲ ಅನ್ನದೆ ಇದ್ದವರನ್ನು ಕೇಳೋದು ಕೇಳಿದ ಹಾಗಾ? ಪ್ರತಿ ಟೀಮಿನಲ್ಲೂ ಒಬ್ಬ ಇರ್ತಾನೆ, ಯುಗಾದಿ ದಿನ ಪ್ರೊಡಕ್ಷನ್ ಸಪೋರ್ಟ್ ಯಾರು ಮಾಡ್ತೀರಿ ಅಂದರೆ ಸುಮ್ಮನೆ ತಲೆ ಆಡಿಸೋನು. ಮ್ಯಾನೇಜರು ಅವನನ್ನೇ ಕೇಳ್ತಾರೆ, ಆಮೇಲೆ 'ವಾಲಂಟಿಯರ್' ಅಂತ ಮೇಲ್ ಹಾಕ್ತಾರೆ. ಅದನ್ನು ನೋಡಿ ಉರಿದುಕೊಳ್ಳೋ ನಾನು ಮನೆಯಲ್ಲಿ ಮಾಡಿದ್ದೂ ಅದೇ.

ಇದಕ್ಕೆ ಒಂದು ಎದುರು ವಾದ ಇದೆ, ಮತ್ತೆ ಅದು ಸಣ್ಣ ವಾದವಲ್ಲ. ಕಲೆ ಯಾರೋ ಒಬ್ಬರ ತ್ಯಾಗವಿಲ್ಲದೆ ಆಗಿದ್ದೇ ಇಲ್ಲ ಅನ್ನೋದು. ಪಾಲ್ ಗೊಗ್ಯಾನ್ ಅನ್ನೋ ಫ್ರೆಂಚ್ ಚಿತ್ರಕಾರ ಹೆಂಡತಿ, ಐದು ಮಕ್ಕಳನ್ನು ಬಿಟ್ಟು 1891ರಲ್ಲಿ ಟಹೀಟಿ ದ್ವೀಪಕ್ಕೆ ಹೋದ. ಬರ್ನಾರ್ಡ್ ವಿಲಿಯಮ್ಸ್ ಅನ್ನೋ ಇಂಗ್ಲಿಷ್ ತತ್ವಶಾಸ್ತ್ರಜ್ಞ 1976ರಲ್ಲಿ, ಅವನ ಕಥೆಯನ್ನು ಸ್ವಲ್ಪ ಬದಲಿಸಿ, ಒಂದು ಪ್ರಶ್ನೆ ಎತ್ತಿದ. ಇಂಥವನು ಮಾಡಿದ್ದು ಸರಿ ಅಂತ ಅನ್ನಿಸೋದಾದರೆ ಅದು ಅವನು ಗೆದ್ದಿದ್ದರಿಂದ ಮಾತ್ರ. ಸೋತಿದ್ದರೆ? ಹಾಗಾದರೆ ಸರಿ ತಪ್ಪು ಅನ್ನೋದೂ ಅದೃಷ್ಟದ ಮೇಲೆ ನಿಂತಿದೆಯಾ? ಪ್ರಬಂಧದ ಹೆಸರೇ 'ಮಾರಲ್ ಲಕ್'. ನೈತಿಕ ಅದೃಷ್ಟ ಅನ್ನಬಹುದು. ಓದಿದಾಗ ಬೆವತೆ, ಯಾಕಂದರೆ ನನ್ನ ಹಾಡುಗಳಲ್ಲಿ ಅತಿ ಹೆಚ್ಚು ಜನ ಕೇಳಿರೋದಕ್ಕೆ 214 ವ್ಯೂಸ್ ಇದೆ. ಅದರಲ್ಲಿ ಮೂವತ್ತು ನನ್ನವೇ.

ಗೆದ್ದವರ ಕಥೆಗಳನ್ನೂ ನೋಡಿ. ಎ. ಆರ್. ರೆಹಮಾನ್ ಚೆನ್ನೈನಲ್ಲಿ ಮನೆಗೆ ಅಂಟಿಕೊಂಡ ಹಾಗೆ ಸ್ಟುಡಿಯೋ ಕಟ್ಟಿದ್ದು 1989ರಲ್ಲಿ, 'ರೋಜಾ'ಗಿಂತ ಮೂರು ವರ್ಷ ಮೊದಲು. ಅಮೆರಿಕದ ಬಿಲ್ಲಿ ಐಲಿಶ್ 2019ರಲ್ಲಿ ಬಿಟ್ಟ ಆಲ್ಬಮ್ಮನ್ನು ಅವಳ ಅಣ್ಣ ಫಿನಿಯಸ್‌ನ ಬೆಡ್‌ರೂಮಿನಲ್ಲಿ ಮಾಡಿದರು, ಲಾಸ್ ಏಂಜಲೀಸ್‌ನ ಒಂದು ಸಣ್ಣ ಮನೆಯಲ್ಲಿ. ಅದಕ್ಕೆ ಗ್ರ್ಯಾಮಿ ಬಂತು. ನಮ್ಮಂಥ ಬೆಡ್‌ರೂಮ್ ಸಂಗೀತಗಾರರೆಲ್ಲ ಆ ಕೋಣೆಯ ಫೋಟೋ ನೋಡಿ, ಟೇಬಲ್ ಎಲ್ಲಿದೆ, ಸ್ಪೀಕರ್ ಯಾವುದು ಅಂತ ಲೆಕ್ಕ ಹಾಕಿದ್ದೇ ಹಾಕಿದ್ದು. ಆ ಮನೆಗೆ ಇದ್ದದ್ದು ಎರಡೇ ಬೆಡ್‌ರೂಮು, ಮಕ್ಕಳಿಗೆ ಒಂದೊಂದು ಕೊಟ್ಟು ಅಪ್ಪ ಅಮ್ಮ ಹಾಲಿನಲ್ಲಿ ಮಲಗ್ತಿದ್ದರು. ಇದನ್ನು ನಾನು ಮುಂಚೆಯೂ ಓದಿದ್ದೆ. ಆಗ ಅದು ನನಗೆ ಕಥೆಯ ಸಿಹಿ ಭಾಗ ಅನ್ನಿಸಿತ್ತು. ಈಗ ಅವರಿಬ್ಬರಲ್ಲಿ ಯಾರಿಗಾದರೂ ಕೆಮ್ಮು ಬರ್ತಿತ್ತಾ ಅಂತ ಯೋಚನೆ ಬರುತ್ತೆ.

ಆ ತಂದೆತಾಯಿ ಸಂತೋಷದಿಂದಲೇ ಕೊಟ್ಟಿರಬಹುದು. ನಮ್ಮಪ್ಪನೂ ಸಂತೋಷದಿಂದಲೇ ಕೊಟ್ಟರು. ವಿಲಿಯಮ್ಸ್‌ನ ಪ್ರಶ್ನೆಗೆ ನನ್ನ ಮಟ್ಟಿಗಿನ ಉತ್ತರ ಇಷ್ಟು: ಆ ರಾತ್ರಿ ಅಪ್ಪ ಬಾಯಿಗೆ ಟವೆಲ್ ಒತ್ತಿಕೊಂಡಾಗ ಹಾಡು ಗೆಲ್ಲುತ್ತೋ ಸೋಲುತ್ತೋ ಯಾರಿಗೂ ಗೊತ್ತಿರಲಿಲ್ಲ. ಮುಂದೆ ಅದಕ್ಕೆ ಹತ್ತು ಲಕ್ಷ ವ್ಯೂಸ್ ಬಂದರೂ ಆ ರಾತ್ರಿಯ ಸೆಕೆ ಕಮ್ಮಿಯಾಗಲ್ಲ. ಗೆಲುವಿನಿಂದ ನನಗೆ ಸಮಾಧಾನ ಸಿಗಬಹುದು, ಆದರೆ ಸಾಲ ಮಾಡಿದ್ದು ಅಪ್ಪನ ಹತ್ತಿರ.

ಹಾಗಂತ ಎಲ್ಲ ಬಿಟ್ಟುಬಿಡೋದು ಉತ್ತರವಾ? ಅದನ್ನೂ ಮಾಡಿ ನೋಡಿದೆ. ಅಪ್ಪ ಊರಿಗೆ ಹೋದ ಮೇಲೆ ಎಲ್ಲ ಕಳಚಿ ಅಟ್ಟಕ್ಕೆ ಹಾಕಿದೆ. ಎರಡು ತಿಂಗಳು ಮನೆಯವರೆಲ್ಲರ ಮೇಲೆ ಸಿಡಿಮಿಡಿ. ನಾನು ತ್ಯಾಗ ಮಾಡಿದೀನಿ ಅನ್ನೋದು ಊಟಕ್ಕೆ ಕೂತಾಗಲೂ ಮುಖದಲ್ಲಿ ಕಾಣ್ತಿತ್ತಂತೆ. ಹೆಂಡತಿಯೇ "ದಯವಿಟ್ಟು ಆ ಪೆಟ್ಟಿಗೆ ಕೆಳಗಿಳಿಸು, ನಿನ್ನ ಹಾಡೇ ವಾಸಿ" ಅಂದಳು. ಅಪ್ಪ ಫೋನಿನಲ್ಲಿ "ಆ ಹಾಡು ಏನಾಯ್ತೋ? ಎರಡ್ನೇ ಚರಣ ಚೆಂದಾಗಿತ್ತು" ಅಂದರು.

ಪೆಟ್ಟಿಗೆ ಇಳಿಸೋ ಹೊತ್ತಿಗೆ ಇನ್ನೊಂದು ಮಾತು ಬಂತು. ಹೆಂಡತಿ ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಮಾಡ್ತಾಳೆ, ಮಂಚದ ಮೇಲೆ ದಿಂಬು, ದಿಂಬಿನ ಮೇಲೆ ಲ್ಯಾಪ್‌ಟಾಪು. ಕೋಣೆ ಶುರುಮಾಡುವಾಗ ಅವಳಿಗೆ ನಾನು ವರ್ಜೀನಿಯಾ ವುಲ್ಫ್ ಹೇಳಿದ್ದೆ, ಬರೆಯೋರಿಗೆ ಚಿಲಕ ಇರೋ ತಮ್ಮದೇ ಕೋಣೆ ಬೇಕು ಅಂತ 1929ರಲ್ಲೇ ಬರೆದಿದಾಳೆ ನೋಡು ಅಂತ. ಆ ಪುಸ್ತಕ ಹೆಂಗಸರಿಗೆ ಕೋಣೆ ಇಲ್ಲ ಅನ್ನೋದರ ಬಗ್ಗೆ ಅನ್ನೋದನ್ನು ಹೇಳಿರಲಿಲ್ಲ. ಅವಳು ಓದಿಕೊಂಡಿದ್ದಳು. "ಈ ಮನೇಲಿ ಬಾಗಿಲು ಹಾಕ್ಕೊಂಡು ಕೂತ್ಕೊಳ್ಳೋಕೆ ಇರೋದು ಎರಡೇ ಜಾಗ. ಒಂದು ನಿನ್ನ ಸ್ಟುಡಿಯೋ, ಇನ್ನೊಂದು ಬಾತ್‌ರೂಮು. ನಂಗೆ ಯಾವುದು ಅಂತ ಗೊತ್ತಾಯ್ತು" ಅಂದಳು. ನಗ್ತಾನೇ ಅಂದಳು.

ಹಾಗಾಗಿ ಈ ಸಲ ಕೋಣೆ ಜೋಡಿಸುವಾಗ ಮೊದಲು ಅಳತೆ ಟೇಪು ತೆಗೀಲಿಲ್ಲ. ಮೂರೂ ಜನ ಕೂತು ಯಾರಿಗೆ ಎಷ್ಟೊತ್ತಿಗೆ ಬಾಗಿಲು ಬೇಕು ಅಂತ ಬರೆದೆವು. ಒಂಬತ್ತು ವರ್ಷದ ಮಗಳೂ ಬಂದು ನಂಗೆ ಭಾನುವಾರ ಬೆಳಿಗ್ಗೆ ಒಂದು ಗಂಟೆ ಬೇಕು ಅಂದಳು. ಯಾಕೆ ಅಂದರೆ ಹೇಳಲ್ಲ ಅಂದಳು. ಬರ್ಕೊಂಡೆವು. ಟೇಬಲ್ ಈಗ ಹಗಲಲ್ಲಿ ಹೆಂಡತಿಯದು. ದೊಡ್ಡ ಸ್ಪೀಕರುಗಳನ್ನು ಮಾರಿ ಸಣ್ಣವು ತಂದೆ. 38 ಪರ್ಸೆಂಟ್ ಲೆಕ್ಕ ಕೈಬಿಟ್ಟೆ, ಈಗ ನನ್ನ ತಲೆ ಹಿಂದಿನ ಗೋಡೆಗೆ ತೀರ ಹತ್ತಿರ, ತಗ್ಗು ಸ್ವರವೆಲ್ಲ ಸುಳ್ಳೇ ಕೇಳುತ್ತೆ. ಹೆಡ್‌ಫೋನಿನಲ್ಲಿ ಇನ್ನೊಂದು ಸಲ ಕೇಳಿ ತಿದ್ದಬೇಕು. ಹಾರ್ಮೋನಿಯಂ ನೆಲದ ಮೇಲೆ ಜಮಖಾನದ ಮೇಲಿದೆ, ಎದ್ದು ಕೂರೋಕೆ ಅದೇ ಹಿತ. ಹಾಡೋದು ಶನಿವಾರ ಹನ್ನೊಂದರಿಂದ ಒಂದರವರೆಗೆ, ಕುಕ್ಕರ್ ಸೀಟಿ ಹೊಡೆದರೆ ಆ ಟೇಕು ಹೋಯ್ತು. ರಾತ್ರಿ ಹತ್ತರ ಮೇಲೆ ಕೀಬೋರ್ಡು, ಹೆಡ್‌ಫೋನು ಅಷ್ಟೇ. ಹಾಡು ಕಮ್ಮಿಯಾಗಿವೆ, ಸುಳ್ಳು ಹೇಳಲ್ಲ. ನಾಲ್ಕು ತಿಂಗಳಲ್ಲಿ ಒಂದು. ಮೊದಲಿನಷ್ಟು ಸ್ವಚ್ಛವಾಗೂ ಇಲ್ಲ. ಇದರಿಂದ ಹಾಡಿಗೆ ಜೀವ ಬಂತು, ಮನೆಯ ಸದ್ದಿನಲ್ಲೇ ನಿಜವಾದ ಸಂಗೀತ ಇದೆ ಅಂತೆಲ್ಲ ಬರೆಯೋಕೆ ಆಸೆ. ಹಾಗೇನೂ ಆಗಿಲ್ಲ. ಒಂದಿಷ್ಟು ನಷ್ಟ ಆಗಿದೆ, ಅದು ಈಗ ನಾಲ್ಕು ಜನರ ನಡುವೆ ಹಂಚಿಹೋಗಿದೆ.

ಅಪ್ಪ ಕೇಳಿದ ಆ ಹಾಡನ್ನು ಕೊನೆಗೂ ಹಾಕಿದೆ. ಮೂರನೇ ಟೇಕೇ. ಕೆಮ್ಮು ತೆಗೆದೆ. ಅದು ಎರಡು ಕ್ಲಿಕ್ಕಿನ ಕೆಲಸ, ಅಷ್ಟು ಸಲೀಸಾಗಿ ಹೋಯ್ತಲ್ಲ ಅನ್ನೋದು ಒಂಚೂರು ಚುಚ್ಚಿತು. ಗೆಳೆಯನೊಬ್ಬ ಅದನ್ನು ಹಾಗೇ ಬಿಡು, ಅಪ್ಪನ ನೆನಪಿಗಿರುತ್ತೆ, ಎಮೋಷನಲ್ ಆಗಿರುತ್ತೆ ಅಂದ. ನನಗೆ ಅದು ಇನ್ನೂ ಕೆಟ್ಟದ್ದು ಅನ್ನಿಸಿತು. ನನ್ನ ಹಾಡು ಕೆಡದಿರಲಿ ಅಂತ ಅವರು ನುಂಗಿದ್ದನ್ನು ನಾನು ಹಾಡಿನ ಒಡವೆ ಮಾಡಿ ತೋರಿಸೋದಾ?

ಮುಂದಿನ ತಿಂಗಳು ಅಪ್ಪನ ಎಡಗಣ್ಣಿನ ಆಪರೇಷನ್. ಈ ಸಲ ಕೋಣೆಯಲ್ಲೇ ಮಂಚ ಅಂತ ತೀರ್ಮಾನ. ನಿನ್ನೆ ರಾತ್ರಿ ಟೇಪು ಹಿಡಿದು ಅಳೆದೆ. ಮಡಚೋ ಮಂಚ ಆರಡಿ ಎರಡಿಂಚು, ಕಿಟಕಿಯ ಗೋಡೆಗುಂಟ ಹಾಕಬೇಕು. ಕಂಬಳಿ ತೂಗುಹಾಕಿರೋ ಕಟ್ಟಿಗೆ ಎರಡಿಂಚು ಅಡ್ಡ ಬರ್ತಾ ಇದೆ. ಕಟ್ಟಿಗೆ ಕುಯ್ಯೋಕೆ ಬಡಗಿಗೆ ಫೋನ್ ಮಾಡಿದೀನಿ. ಕಂಬಳಿ ಬಿಚ್ಚಿ ಕೊಡವಿ ಬಿಸಿಲಿಗೆ ಹಾಕಿದೀವಿ, ಅಪ್ಪನಿಗೆ ಹೊದೆಯೋಕಾಗುತ್ತೆ.